ರುಜು ಹಾಕಿದವರನ್ನು ಬಿಟ್ಟು ಕಾವಲಿನವರನ್ನು ಹಿಡಿದರೆ ಸಾಕೇ?

ಪ್ರಶ್ನೆ: 9/11 ದಾಳಿಯ ನಂತರ ಅಮೆರಿಕದಲ್ಲಿ ಬುಷ್ ಸರ್ಕಾರ ವಕೀಲರನ್ನು ಕೇಳಿಯೇ ಕೈದಿಗಳ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತ್ತು. ಕಾನೂನು ಸಲಹೆಯಂತೆ ನಡೆದ ಮಾಜಿ ನಾಯಕರ ಮೇಲೆ ಕೇಸು ಹಾಕುವುದು ಸೇಡಿನ ರಾಜಕಾರಣವಲ್ಲವೇ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕೇಳುವವರಲ್ಲಿ ಬಹುತೇಕರು ಆ ಸಲಹೆಯ ಕಾಗದವನ್ನೇ ಓದಿರುವುದಿಲ್ಲ. 2002ರ ಆಗಸ್ಟ್ 1ರಂದು ಅಲ್ಲಿನ ನ್ಯಾಯ ಇಲಾಖೆ ಬರೆದ ಟಿಪ್ಪಣಿಯ ಪ್ರಕಾರ, ಅಂಗಾಂಗ ವೈಫಲ್ಯದಲ್ಲೋ ಸಾವಿನಲ್ಲೋ ಆಗುವಷ್ಟು ತೀವ್ರ ನೋವಾದರೆ ಮಾತ್ರ ಅದು ಚಿತ್ರಹಿಂಸೆ. ಎರಡೇ ವರ್ಷದಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು.

ಅದೇ ದಿನದ ಇನ್ನೊಂದು ಟಿಪ್ಪಣಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಿಡಿದಿಟ್ಟಿದ್ದ ಅಬು ಜುಬೈದಾ ಎಂಬ ಕೈದಿಯ ಮೇಲೆ ಏನೇನು ಮಾಡಬಹುದೆಂದು ಹೇಳಿತು. ಆತನನ್ನು ಕೂಡಿಹಾಕಿದ ಸಣ್ಣ ಪೆಟ್ಟಿಗೆಯ ಅಗಲ 21 ಇಂಚು, ಆಳ ಎರಡೂವರೆ ಅಡಿ, ಎತ್ತರ ಎರಡೂವರೆ ಅಡಿ. ಒಟ್ಟು 29 ಗಂಟೆ ಅದರೊಳಗೆ. ಟೇಪು ಹಿಡಿದು ನೆಲದ ಮೇಲೆ ಅಳೆದು ನೋಡಿ, ಆಮೇಲೆ ವಾದಕ್ಕೆ ಬನ್ನಿ. ಮುಖಕ್ಕೆ ಬಟ್ಟೆ ಹೊದಿಸಿ ನೀರು ಸುರಿದು ಉಸಿರುಗಟ್ಟಿಸಿದ್ದು ಆ ಒಂದೇ ತಿಂಗಳಲ್ಲಿ ಕನಿಷ್ಠ 83 ಸಲ. ಒಮ್ಮೆ ಆತ ಮಿಸುಕಾಡದೆ ಬಿದ್ದಿದ್ದ, ನೀರು ತುಂಬಿದ ತೆರೆದ ಬಾಯಿಂದ ಗುಳ್ಳೆಗಳು ಏಳುತ್ತಿದ್ದವು. ಇದರಲ್ಲಿ ಹೆಚ್ಚಿನದನ್ನು 2014ರಲ್ಲಿ ಹೊರಗಿಟ್ಟಿದ್ದು ಅಮೆರಿಕದ ಸೆನೆಟ್ ಸಮಿತಿಯೇ.

ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಅಮೆರಿಕ 1994ರಲ್ಲೇ ಸ್ಥಿರೀಕರಿಸಿದೆ, ಅಂದರೆ ಪಾಲಿಸಲು ಬದ್ಧವಾಗಿದೆ. ಯುದ್ಧವಿರಲಿ, ತುರ್ತು ಪರಿಸ್ಥಿತಿಯಿರಲಿ, ಮೇಲಧಿಕಾರಿಯ ಆಜ್ಞೆಯಿರಲಿ, ಯಾವುದೂ ನೆಪವಾಗದು ಎಂದು ಅದರ 2ನೇ ವಿಧಿ ಹೇಳುತ್ತದೆ. ವಕೀಲರ ಕಾಗದ ಪ್ರಾಮಾಣಿಕ ಸಲಹೆಯೋ ಬೇಕೆಂದೇ ಬರೆಸಿಕೊಂಡ ಗುರಾಣಿಯೋ? ಅದನ್ನು ನ್ಯಾಯಾಲಯ ತೀರ್ಮಾನಿಸಬೇಕು, ನೀವೂ ಅಲ್ಲ, ನಾನೂ ಅಲ್ಲ. ನನ್ನ ಸಿಟ್ಟು ಇರುವುದು ಆ ಪ್ರಶ್ನೆ ಕಟಕಟೆಯವರೆಗೆ ಬರಲೇ ಇಲ್ಲವಲ್ಲ ಎಂಬುದಕ್ಕೆ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಕೈದಿಗಳನ್ನು ಹಿಂಸಿಸಿದ ಪ್ರಕರಣದಲ್ಲಿ ಕೆಳದರ್ಜೆಯ ಸೈನಿಕರು ಜೈಲಿಗೆ ಹೋದರು, ಒಬ್ಬನಿಗೆ 10 ವರ್ಷ. ನೀರಿನ ಹಿಂಸೆಗೆ ತಾನೇ ಒಪ್ಪಿಗೆ ಕೊಟ್ಟೆನೆಂದು 2010ರಲ್ಲಿ ಬುಷ್ ಬಹಿರಂಗವಾಗಿ ಒಪ್ಪಿಕೊಂಡರು, ಏನೂ ಆಗಲಿಲ್ಲ. ಹಿಂದಕ್ಕಲ್ಲ, ಮುಂದಕ್ಕೆ ನೋಡೋಣ ಎಂದವರು ಒಬಾಮಾ. ಸರಪಳಿ ಬಿಗಿದು ಬರಿ ಕಾಂಕ್ರೀಟಿನ ಮೇಲೆ ಕೂರಿಸಿದ್ದ ಸಿಐಎ ಕೈದಿ ಗುಲ್ ರೆಹಮಾನ್ 2002ರ ನವೆಂಬರಿನಲ್ಲಿ ಚಳಿಗೆ ಸತ್ತ. ಆ ಸಾವಿನ ತನಿಖೆಯೂ 2012ರಲ್ಲಿ ಆರೋಪಪಟ್ಟಿಯಿಲ್ಲದೆ ಮುಗಿಯಿತು.

ಸೇಡಿನ ಭಯ ಸುಳ್ಳಲ್ಲ, ನನಗೂ ಇದೆ. ಗೆದ್ದ ಪಕ್ಷದ ಮಂತ್ರಿ ಆರೋಪಿಗಳನ್ನು ಆರಿಸುವ ಮೊಕದ್ದಮೆಯನ್ನು ನಾನು ಬೆಂಬಲಿಸುವುದಿಲ್ಲ. ಸ್ವತಂತ್ರ ಅಭಿಯೋಜಕರು ಬೇಕು, ಸಾಕ್ಷ್ಯ ಗಟ್ಟಿಯಾಗುವವರೆಗೆ ಆತುರ ಬೇಡ. ಅರೆಬೆಂದ ಕೇಸಿನಲ್ಲಿ ಖುಲಾಸೆಯಾದರೆ ಹಿಂಸೆಗೆ ಮುದ್ರೆ ಒತ್ತಿದಂತಾಗುತ್ತದೆ. ಸರಿಯಾಗಿ ನಡೆಸಬಹುದು ಎನ್ನುವುದಕ್ಕೆ ಚಾಡ್‌ನ ಮಾಜಿ ಅಧ್ಯಕ್ಷ ಹಿಸೇನ್ ಹಾಬ್ರೆಯ ಪ್ರಕರಣವಿದೆ. 1990ರಲ್ಲಿ ಪದಚ್ಯುತನಾದವನಿಗೆ 2016ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಆಫ್ರಿಕಾದ್ದೇ ವಿಶೇಷ ನ್ಯಾಯಾಲಯ ಜೀವಾವಧಿ ವಿಧಿಸಿತು. ಅಷ್ಟೂ ವರ್ಷ ಬೆನ್ನುಬಿಡದೆ ಹೋರಾಡಿದವರು ಹಿಂಸೆಯಿಂದ ಬದುಕುಳಿದವರೇ.

ಪ್ರಶ್ನೆ: ಹಿಂಸೆ ಕೊಟ್ಟಿದ್ದರಿಂದಲೇ ಮಾಹಿತಿ ಸಿಕ್ಕಿತಲ್ಲ?

ಇಲ್ಲ. 9/11 ದಾಳಿಯಲ್ಲಿ ಖಾಲಿದ್ ಶೇಖ್ ಮೊಹಮ್ಮದ್‌ನ ಪಾತ್ರವನ್ನು ಜುಬೈದಾ ಎಫ್‌ಬಿಐಗೆ ಹೇಳಿದ್ದು ಈ ಹಿಂಸೆ ಶುರುವಾಗುವ ಮೊದಲು, ಬರಿ ಮಾತುಕತೆಯಲ್ಲಿ. ಹಿಂಸೆಯ ವಿಧಾನ ರೂಪಿಸಿದ ಇಬ್ಬರು ಮನಶ್ಶಾಸ್ತ್ರಜ್ಞರಿಗೆ ವಿಚಾರಣೆ ನಡೆಸಿದ ಅನುಭವವೇ ಇರಲಿಲ್ಲ. ಅವರ ಕಂಪನಿಗೆ ಸಂದಾಯವಾದದ್ದು 8.1 ಕೋಟಿ ಡಾಲರ್. ಇಂಥವರನ್ನು ತಜ್ಞರೆನ್ನಬೇಡಿ.

ಪ್ರಶ್ನೆ: ಬಾಂಬ್ ಸಿಡಿಯಲು ಹತ್ತೇ ನಿಮಿಷ ಇದ್ದರೆ? ಆಗಲೂ ಹಿಂಸೆ ತಪ್ಪೇ?

ಅದು ಸಿನಿಮಾ ದೃಶ್ಯ. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.

ಪ್ರಶ್ನೆ: ಭಾರತ ಈ ಚಿತ್ರಹಿಂಸೆ ವಿರೋಧಿ ಒಪ್ಪಂದದಲ್ಲಿದೆಯೇ?

1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಿಲ್ಲ. ಯಾಕೆಂದು ನಿಮ್ಮ ಸಂಸದರನ್ನು ಕೇಳಿ.

ಪ್ರಶ್ನೆ: ಸ್ವದೇಶದಲ್ಲಿ ಕ್ಷಮಾದಾನ ಸಿಕ್ಕರೆ ಅಲ್ಲಿಗೆ ಮುಗಿಯಿತಲ್ಲ?

ಚಿಲಿಯ ಸರ್ವಾಧಿಕಾರಿ ಪಿನೊಚೆಯ ಆಡಳಿತ 1978ರಲ್ಲೇ ತನಗೆ ಬೇಕಾದ ಕ್ಷಮಾದಾನ ಕಾನೂನು ಮಾಡಿಕೊಂಡಿತ್ತು. ಆದರೂ 1998ರ ಅಕ್ಟೋಬರಿನಲ್ಲಿ ಆತ ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ, ಸ್ಪೇನಿನ ನ್ಯಾಯಾಧೀಶರ ವಾರಂಟಿನ ಮೇಲೆ ಬ್ರಿಟಿಷ್ ಪೊಲೀಸರು ಅಲ್ಲೇ ಬಂಧಿಸಿದರು.