ಒಂದೂವರೆ ಅಡಿ ಗೋಡೆಗೆ ಐದು ಇಂಚಿನ ಚೌಕಟ್ಟು

ಪ್ರಶ್ನೆ: ಬಾಗಲಕೋಟೆಯ ನಮ್ಮ ಹಳೆಯ ಮನೆಯ ಕಲ್ಲು-ಮಣ್ಣಿನ ಗೋಡೆ 18 ಇಂಚು ದಪ್ಪ. ಒಳಕೋಣೆಗೆ ತಂದ ಬಾಗಿಲ ಚೌಕಟ್ಟಿನ ಅಗಲ 5 ಇಂಚು. ನಡುವೆ ಕೂಡಿಸಲೇ?

ಉತ್ತರ: ಬೇಡ. ನಡುವೆ ಕೂಡಿಸಿದರೆ ಬಾಗಿಲು ಪಕ್ಕದ ಗೋಡೆಗೆ ಬಡಿದು, ಸುಮಾರು 90 ಡಿಗ್ರಿಗೇ ನಿಲ್ಲುತ್ತದೆ. ಬಾಗಿಲು ತೆರೆಯುವ ಕೋಣೆಯ ಕಡೆಯ ಅಂಚಿಗೆ ಕೂಡಿಸಿ. ಗಿಲಾವಿನ ದಪ್ಪದಷ್ಟು, ಅಂದರೆ 12ರಿಂದ 15 ಮಿ.ಮೀ., ಕಲ್ಲಿನಿಂದ ಮುಂದಿರಲಿ. ಹಳೆಯ ಗೋಡೆ ನೆಟ್ಟಗಿರುವುದು ಅಪರೂಪ. ಹಾಗಾಗಿ ಗೋಡೆಯನ್ನಲ್ಲ, ತೂಗುಗುಂಡನ್ನು ನಂಬಿ.

ನಿಜವಾದ ತೊಡಕು ಹಿಡಿತದ್ದು. ಮಣ್ಣಿನ ಸಂದಿಗೆ ಹೊಡೆದ ಮೊಳೆ, ತಿರುಪು ಬಾಗಿಲಿನ ಬಡಿತಕ್ಕೆ ಸಡಿಲಾಗುತ್ತವೆ. ಪ್ರತಿ ಬದಿಗೆ 3 ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಹಾಕಿಸಿ. ಒಂದೊಂದಕ್ಕೂ ಗೂಡು ಕೊರೆದು, ಸಡಿಲ ಮಣ್ಣು ತೆಗೆದು, ನೀರು ಚಿಮುಕಿಸಿ, 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ 7 ದಿನ ನೀರುಣಿಸಬೇಕು. ಅಲ್ಲಿಯವರೆಗೆ ಬಾಗಿಲು ತೂಗಿಸಬೇಡಿ; ಗೌಂಡಿ ಅವಸರ ಮಾಡಿದರೂ ಸರಿ. ಗೋಡೆಗೆ ತಾಗುವ ಮರಕ್ಕೆ ಮೊದಲೇ ಗೆದ್ದಲು ಔಷಧಿ ಬಳಿಯಿರಿ.

ಬಾಗಿಲಿನ ಕಿಂಡಿ ಅಗಲಿಸುವುದಿದ್ದರೆ ಲಿಂಟಲ್ (ಬಾಗಿಲ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆ) ಗೋಡೆಯ ಪೂರ್ತಿ ದಪ್ಪಕ್ಕಿರಲಿ; ಎರಡೂ ಬದಿಗೆ ಕನಿಷ್ಠ 6 ಇಂಚು ಆನಿಕೆ ಬೇಕು. ಚೌಕಟ್ಟು ಬಿಟ್ಟು ಉಳಿದ 13 ಇಂಚು ಗೋಡೆಯ ಬದಿಗೆ ಹೊದಿಸಲು ಪ್ಲೈವುಡ್‌ಗಿಂತ ಶಹಾಬಾದ್ ಫರಸಿಯೇ ವಾಸಿ, ಗೆದ್ದಲಿನ ಭಯವಿಲ್ಲ. ಮರ ಮತ್ತು ಗಿಲಾವು ಕೂಡುವಲ್ಲಿ ಬಿರುಕು ಬಂದೇ ಬರುತ್ತದೆ. ಅದರ ಮೇಲೊಂದು ಮರದ ಪಟ್ಟಿ ಹೊಡೆಸಿ.