ಊಟ ಬಿಟ್ಟ ಹಳದಿ ಮೀನುಗಳು: ಸಂಪಾದಕರ ಉತ್ತರ

ಗೋಣಿಕೊಪ್ಪದ ಹತ್ತಿರದ ತೋಟದ ಮನೆಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗಳ ಹುಟ್ಟುಹಬ್ಬಕ್ಕೆಂದು ಮೈಸೂರಿನಿಂದ ಆರು ‘ಎಲೆಕ್ಟ್ರಿಕ್ ಯೆಲ್ಲೋ’ ಸಿಕ್ಲಿಡ್ ಮೀನು ತಂದರಂತೆ. ಮೂರಡಿಯ ತೊಟ್ಟಿಗೆ ಅದೇ ದಿನ ಬಾವಿ ನೀರು ತುಂಬಿಸಿ, ಚೆಂದಕ್ಕೆಂದು ತೋಟದ್ದೇ ಒಂದು ಕಾಫಿ ಬೊಡ್ಡೆ ಇಟ್ಟು, ಮೀನು ಬಿಟ್ಟರು. ಐದು ದಿನವಾಯಿತು. ಆರೂ ಮೀನು ಫಿಲ್ಟರಿನ ಹಿಂದಿನ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿವೆ. ದಿನಕ್ಕೆ ಮೂರು ಸಲ ಆಹಾರ ಹಾಕಿದರೂ ಮೂಸಿ ನೋಡುವುದಿಲ್ಲ. ಒಂದೆರಡು ಬಾಯಿಗೆ ತೆಗೆದುಕೊಂಡು ಉಗುಳುತ್ತವೆ. “ಹೀಟರ್ ಹಾಕಿಲ್ಲ, ಲೈಟು ಮಾತ್ರ ಇಡೀ ದಿನ ಉರಿಯುತ್ತದೆ. ಯಾವ ಆಹಾರ ಕೊಟ್ಟರೆ ತಿಂದಾವು? ಕೀರೆಹೊಳೆಗೆ ಬಿಟ್ಟುಬಿಡು ಎನ್ನುತ್ತಾರೆ ಅತ್ತೆ. ಬಿಡಲೇ?” ಎಂದು ಕೇಳಿದ್ದಾರೆ.

ಅಮ್ಮಾ, ಈ ಪುಟ ಓದಿದ ಕೂಡಲೇ ಎರಡು ಕೆಲಸ ಮಾಡಿ. ಆಹಾರ ಹಾಕುವುದನ್ನು ನಿಲ್ಲಿಸಿ. ಆ ಬೊಡ್ಡೆಯನ್ನು ಹೊರಗೆ ತೆಗೆಯಿರಿ.

ಬೊಡ್ಡೆಯ ಮಾತು ಮೊದಲು. ನಮ್ಮ ತೋಟಗಳಲ್ಲಿ ಮಳೆಗೆ ಮುಂಚೆ ಬೋರ್ಡೋ ಹೊಡೆಯದವರು ಯಾರು? ಬೋರ್ಡೋ ಎಂದರೆ ಸುಣ್ಣ ಮತ್ತು ಮೈಲುತುತ್ತು. ಮೈಲುತುತ್ತು ಎಂದರೆ ತಾಮ್ರ. ಮೀನಿನ ಕಿವಿರಿಗೆ ತಾಮ್ರ ವಿಷ, ಅದರಲ್ಲೂ ನಮ್ಮಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ವರ್ಷಗಟ್ಟಲೆ ಔಷಧಿ ಕುಡಿದ ತೊಗಟೆ ನೀರಿಗೆ ಏನೇನು ಬಿಡುತ್ತದೋ ಹೇಳಲಾಗದು. ಅದಿಲ್ಲದಿದ್ದರೂ ಮರದ ಬೊಡ್ಡೆ ನೀರನ್ನು ಕಂದು ಮಾಡಿ ಹುಳಿಯಾಗಿಸುತ್ತದೆ. ಈ ಮೀನಿಗೆ ಬೇಕಾದದ್ದು ಅದಕ್ಕೆ ತೀರಾ ಉಲ್ಟಾ. ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದಬೇಡಿ ಎಂದು ಮನೆಯವರಿಗೂ ಹೇಳಿಡಿ.

ನಿಮ್ಮ ಹಳದಿ ಮೀನಿನ ಮೂಲ ಆಫ್ರಿಕಾದ ಮಲಾವಿ ಸರೋವರ. ಅಲ್ಲಿಯ ನೀರಿನ ಪಿಎಚ್ (ನೀರಿನ ಹುಳಿ ಅಳೆಯುವ ಅಂಕಿ, 7ಕ್ಕಿಂತ ಕೆಳಗಿದ್ದರೆ ಹುಳಿ) 7.8ರಿಂದ 8.6ರ ಆಸುಪಾಸು, ಬಿಸಿ 24ರಿಂದ 28 ಡಿಗ್ರಿ. ಅಂಗಡಿಗೆ ಬರುವವು ಹೆಚ್ಚಾಗಿ ನಮ್ಮ ದೇಶದ ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವು, ಆದರೆ ಸಾಮಾನ್ಯವಾಗಿ ಬಯಲುಸೀಮೆಯ ಗಡಸು ನೀರಿನಲ್ಲಿ ಬೆಳೆದವು. ಮೈಸೂರಿನ ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಆ ಸುಣ್ಣವೇ ಇವಕ್ಕೆ ಹಿತ. ನಮ್ಮ ಹಂಡೆಗಳನ್ನು ನೋಡಿ, ಹತ್ತು ವರ್ಷ ಕಾಸಿದರೂ ತಳ ಹಾಗೇ ಇರುತ್ತದೆ. ಸೋಪು ಹಚ್ಚಿದರೆ ನೊರೆ ಉಕ್ಕುತ್ತದೆ, ಎಷ್ಟು ತೊಳೆದರೂ ಜಾರು ಹೋಗುವುದಿಲ್ಲ. ನಮ್ಮ ಮನೆಯ ಬಾವಿ ನೀರು ಪಿಎಚ್ ಪರೀಕ್ಷೆಯ ಕಾಗದದ ಪಟ್ಟಿಯಲ್ಲಿ 6.2 ತೋರಿಸುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಕೋಣೆಯೊಳಗಿನ ನೀರೂ 18 ಡಿಗ್ರಿಗೆ ಇಳಿದಿರುತ್ತದೆ. ಅಂಥ ಚಳಿಯಲ್ಲಿ ಈ ಮೀನಿಗೆ ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ಅವು ಉಗುಳುತ್ತಿರುವುದು ನಿಮ್ಮ ಆಹಾರ ರುಚಿಸದೆ ಅಲ್ಲ.

ನಿಮ್ಮ ತೊಟ್ಟಿ ಸುಮಾರು 125 ಲೀಟರಿನದು. 200 ವಾಟಿನ, ತನ್ನಷ್ಟಕ್ಕೆ ಆರಿ ಹತ್ತುವ ಹೀಟರ್ ತನ್ನಿ. ಒಂದೇ ಸಲಕ್ಕೆ 25ಕ್ಕೆ ಏರಿಸದೆ ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಹೆಚ್ಚಿಸಿ. ನೀರು ತೆಗೆಯುವ ಮೊದಲು ಹೀಟರ್ ಆರಿಸುವುದನ್ನು ಮರೆಯಬೇಡಿ.

ಈಗ ನನಗೆ ಬಹಳ ನೋವು ಕೊಟ್ಟ ಒಂದು ಸಂಗತಿ. ಹಲವು ವರ್ಷಗಳ ಹಿಂದೆ, ಇಂಥದೇ ಮಳೆಗಾಲದಲ್ಲಿ, ನಾನೂ ಮಡಿಕೇರಿಗೆ ಇದೇ ಜಾತಿಯ ಮೀನು ತಂದಿದ್ದೆ. ನೀರು ಹುಳಿ ಎಂದು ತಿಳಿದದ್ದೇ ತಡ, ಒಂದು ಹಿಡಿ ಅಡುಗೆ ಸೋಡಾ ಕರಗಿಸಿ ಸುರಿದೆ. ಬೆಳಗ್ಗೆ ನೋಡಿದರೆ ಆರು ಮೀನುಗಳಲ್ಲಿ ಐದು ಮಗುಚಿ ಬಿದ್ದಿದ್ದವು, ಕಿವಿರು ಕೆಂಡದಂತೆ ಕೆಂಪಾಗಿತ್ತು. ಕಾರಣ ಆಮೇಲೆ ಓದಿ ತಿಳಿದೆ. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸು ಮತ್ತು ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹುಳಿ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಪಾಯವಿಲ್ಲದ ರೂಪದಲ್ಲಿರುತ್ತದೆ. ಪಿಎಚ್ ಥಟ್ಟನೆ ಏರಿದರೆ ಅದೇ ಅಮೋನಿಯಾ ವಿಷವಾಗುತ್ತದೆ. ನಾನು ಒಳ್ಳೆಯದೆಂದು ಮಾಡಿದ್ದೇ ಅವುಗಳ ಪ್ರಾಣ ತೆಗೆಯಿತು.

ಹಾಗಾಗಿ ಮೊದಲು ಅಮೋನಿಯಾ ಪರೀಕ್ಷೆಯ ಕಿಟ್ ತರಿಸಿ. ತಳದಲ್ಲಿ ಬಿದ್ದ ಆಹಾರವನ್ನು ಪೈಪು ಹಾಕಿ ಎಳೆದು ತೆಗೆಯಿರಿ. ಅಮೋನಿಯಾ ಸೊನ್ನೆಗೆ ಬರುವವರೆಗೆ ದಿನಕ್ಕೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರನ್ನು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಸೇದಿಟ್ಟು ಗಾಳಿಯ ಪಂಪು ಬಿಡಿ, ಸುರಿಯುವ ಮುಂಚೆ ಸ್ವಲ್ಪ ಕಾಸಿದ ನೀರು ಬೆರೆಸಿ ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ. ಪರಿಚಯದವರ ಮನೆಯಲ್ಲಿ ಹಳೆಯ, ರೋಗವಿಲ್ಲದ ಅಕ್ವೇರಿಯಂ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಸುಣ್ಣದ ಅಂಶ ಹೆಚ್ಚಿಸುವುದು ಅದರ ನಂತರ, ಅದೂ ನಿಧಾನ. ಮಂಗಳೂರಿನ ಕಡೆಯಿಂದ ಮರುವಾಯಿ ತರಿಸಿ ಸಾರು ಮಾಡುತ್ತೀರಲ್ಲ, ಆ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ತೊಳೆದು, ಒಣಗಿಸಿ, ಜಜ್ಜಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿಡಿ. ಎರಡು ಹಿಡಿ ಸಾಕು. ಅದು ತನ್ನ ಪಾಡಿಗೆ ಕರಗುತ್ತಾ ವಾರಗಳಲ್ಲಿ ನೀರನ್ನು ಗಡಸು ಮಾಡುತ್ತದೆ.

ಇನ್ನು ಹೆದರಿಕೆ. ಇವು ಬಂಡೆಯ ಸಂದಿನಲ್ಲಿ ಬದುಕುವ ಮೀನು. ನುಗ್ಗಲು ಜಾಗವಿಲ್ಲದಿದ್ದರೆ ಹೊರಗೂ ಬರುವುದಿಲ್ಲ. ಒಡೆದ ಮಂಗಳೂರು ಹೆಂಚು, ಹೊಳೆಕಲ್ಲು ತಂದು ಉಜ್ಜಿ ತೊಳೆದು, ಆರು ಮೀನಿಗೆ ಎಂಟು ಹತ್ತು ಗೂಡಾಗುವಂತೆ ಜೋಡಿಸಿ. ಕಲ್ಲನ್ನು ಮರಳಿನ ಮೇಲಲ್ಲ, ತಳಕ್ಕೇ ತಾಗುವಂತೆ ಕೂರಿಸಿ, ಏಕೆಂದರೆ ಇವು ಮರಳು ಅಗೆದು ಗುಡ್ಡೆ ಉರುಳಿಸುತ್ತವೆ. ಮೂರು ಬದಿಗೆ ಕಾಗದ ಅಂಟಿಸಿ. ಮೂರು ದಿನ ಲೈಟು ಹಾಕಲೇಬೇಡಿ. ಗಾಜು ತಟ್ಟಬಾರದು ಎಂದು ಮಗಳಿಗೆ ಮೆಲ್ಲಗೆ ಹೇಳಿ.

ಹಸಿವಿನ ಚಿಂತೆ ಬೇಡ. ಬೆಳೆದ, ಆರೋಗ್ಯವಂತ ಮೀನು ವಾರ ಕಾಲ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ನೀರು ಬೆಚ್ಚಗಾಗಿ, ಅಮೋನಿಯಾ ಸೊನ್ನೆಯಾದ ಮೇಲೆ ಒಂದು ಸಂಜೆ, ಮಬ್ಬು ಬೆಳಕಿನಲ್ಲಿ, ಅಂಗಡಿಯಲ್ಲಿ ಕೊಡುತ್ತಿದ್ದ ಅದೇ ಕಾಳಿನ ಆಹಾರವನ್ನು ನೆನೆಸಿ ಮೀನಿಗೆ ಎರಡರಂತೆ ಹಾಕಿ ದೂರ ಸರಿಯಿರಿ. ಎರಡು ನಿಮಿಷದಲ್ಲಿ ಉಳಿದದ್ದನ್ನು ತೆಗೆಯಿರಿ. ಮೊದಲು ಒಂದು ಹೊರಬಂದು ಹೆಂಚಿನ ಪಕ್ಕ ತಲೆ ತಗ್ಗಿಸಿ ಕಾಳನ್ನು ದಿಟ್ಟಿಸುತ್ತದೆ, ಕಚ್ಚಿ ಉಗುಳಿ ಮತ್ತೆ ಕಚ್ಚುತ್ತದೆ. ಅದು ನುಂಗಿದ್ದನ್ನು ಕಂಡು ಉಳಿದವೂ ಬರುತ್ತವೆ. ಆಸೆಗೆಂದು ರಕ್ತಹುಳು, ಮಾಂಸ ಕೊಡಬೇಡಿ. ಹೊಟ್ಟೆ ಊದಿಕೊಂಡು ಸಾಯುವ ಕಾಯಿಲೆಗೆ ಅದು ದಾರಿಯಾಗಬಹುದು. ಹೊಟ್ಟೆ ಊದಿ, ಹಿಕ್ಕೆ ಬಿಳಿ ದಾರದಂತೆ ಜೋತಾಡಿ, ಏದುಸಿರು ಬಿಡುವ ಮೀನು ಕಂಡರೆ ಕೂಡಲೇ ಬೇರೆ ತೊಟ್ಟಿಗೆ ಹಾಕಿ, ಮೀನಿನ ರೋಗ ಬಲ್ಲವರನ್ನು ಕೇಳಿ.

ಕರೆಂಟು ಹೋಗುವುದು ನಮ್ಮಲ್ಲಿ ಗಂಟೆಯ ಲೆಕ್ಕವಲ್ಲ, ದಿನದ ಲೆಕ್ಕ. ಬ್ಯಾಟರಿ ಪಂಪು ಒಂದಿರಲಿ. ತೊಟ್ಟಿಗೆ ಕಂಬಳಿ ಹೊದಿಸಿ, ಆ ದಿನಗಳಲ್ಲಿ ಆಹಾರ ಬೇಡ.

ಕೀರೆಹೊಳೆಯ ಮಾತು. ಅತ್ತೆಯವರ ಮನಸ್ಸು ದಯೆಯದ್ದು, ಆದರೂ ಬಿಡಬೇಡಿ. ನಮ್ಮ ಹೊಳೆ ಕೆರೆಗಳ ಜಿಲೇಬಿ ಮೀನೂ (ತಿಲಾಪಿಯಾ) ಸಿಕ್ಲಿಡ್ ಕುಟುಂಬದ್ದೇ. 1952ರಲ್ಲಿ ಹೊರದೇಶದಿಂದ ಸಾಕಲೆಂದು ತಂದದ್ದು, ಇಂದು ನಾಡಿನ ಮೀನುಗಳ ಜಾಗವನ್ನೆಲ್ಲ ತಿನ್ನುತ್ತಿದೆ. ನಿಮ್ಮ ಹಳದಿಯವು ಆ ಚಳಿಗೆ ಬಹುಶಃ ನರಳಿ ಸಾಯುತ್ತವೆ, ಆದರೆ ಅವುಗಳ ರೋಗ ಹೊಳೆಯಲ್ಲಿ ಉಳಿಯಬಹುದು. ಸಾಕಲು ಆಗುವುದೇ ಇಲ್ಲ ಎನಿಸಿದರೆ ತಂದ ಅಂಗಡಿಗೇ ಮರಳಿಸಿ.

ಹತ್ತು ದಿನ ಬಿಟ್ಟು ನೀರಿನ ಬಿಸಿ, ಪಿಎಚ್, ಅಮೋನಿಯಾ, ಈ ಮೂರು ಅಂಕಿ ಬರೆದು ಕಳಿಸಿ. ಮೊದಲು ಹೊರಬಂದ ಮೀನು ಯಾವುದೆಂದು ಮಗಳ ಕೈಯಲ್ಲೇ ಬರೆಸಿ.