ಅಮೆರಿಕದ ರಾಷ್ಟ್ರಗೀತೆಗೂ ನಮ್ಮ ಮೈಸೂರಿಗೂ ಏನಾದ್ರೂ ಸಂಬಂಧ ಇದ್ಯಾ?

ಇದೆ, ನನಗಂತೂ ಇದು ಗೊತ್ತಾದಾಗ ಮೈ ಜುಮ್ ಅಂದಿತ್ತು. ಆ ಗೀತೆಯಲ್ಲಿ ರಾಕೆಟ್ಟುಗಳ ಕೆಂಪು ಬೆಳಕು ಅಂತ ಒಂದು ಮಾತು ಬರುತ್ತೆ, ಅದು 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆ ಮೇಲೆ ಬ್ರಿಟಿಷರು ಹಾರಿಸಿದ ಕಾಂಗ್ರೀವ್ ರಾಕೆಟ್ಟುಗಳದ್ದು, ಆ ರಾಕೆಟ್ಟಿಗೆ ಮಾದರಿ ಆಗಿದ್ದು ಹೈದರ್, ಟಿಪ್ಪು ಸೈನ್ಯದ ಮೈಸೂರು ರಾಕೆಟ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕಿದ ರಾಕೆಟ್ಟುಗಳನ್ನ ಇಂಗ್ಲೆಂಡಿಗೆ ಸಾಗಿಸಿದ್ರು, ಅವನ್ನ ನೋಡ್ಕೊಂಡು ವಿಲಿಯಂ ಕಾಂಗ್ರೀವ್ ತನ್ನದನ್ನ ಮಾಡಿದ.

ನಮ್ಮವರ ರಾಕೆಟ್ಟಿನ ಗುಟ್ಟು ಕಬ್ಬಿಣದ ಕೊಳವೆ. ಕಾಗದದ ಕೊಳವೆ ಆದ್ರೆ ಒತ್ತಡ ಜಾಸ್ತಿ ಆದಾಗ ಒಡೆದೋಗುತ್ತೆ, ಕಬ್ಬಿಣ ತಡ್ಕೊಳ್ಳುತ್ತೆ, ಹಾಗಾಗಿ ಮದ್ದು ಗಟ್ಟಿಯಾಗಿ ತುಂಬಬಹುದು, ದೂರಾನೂ ಹೋಗುತ್ತೆ. ನೆಟ್ಟಗೆ ಹಾರಲಿ ಅಂತ ಉದ್ದನೆ ಬಿದಿರು ಕಟ್ತಿದ್ರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಲ್ಲಿ ಒಂದು ಹಾಳುಬಾವಿ ಅಗೆದಾಗ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ವು, ತುಕ್ಕು ಹಿಡಿದ ಗೇಣುದ್ದದ ಕೊಳವೆಗಳು, ಅಲ್ಲಿನ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೀತಿತ್ತಂತೆ! ಇನ್ನೊಂದು, ಅಮೆರಿಕದ ಆ ಹಾಡು ಅಧಿಕೃತವಾಗಿ ರಾಷ್ಟ್ರಗೀತೆ ಆಗಿದ್ದು 1931ರಲ್ಲಷ್ಟೇ.